ಓಡುವುದು ಯಾರ ಕಾಲು, ಅಂಕ ಯಾರಿಗೆ?

ಚೀನಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಹೊಸ ಕಸುಬು ಹುಟ್ಟಿಕೊಂಡಿದೆ. ದುಡ್ಡು ಕೊಟ್ಟರೆ ನಿಮ್ಮ ಬದಲು ಬೇರೊಬ್ಬ ಓಡುತ್ತಾನೆ! ಅಲ್ಲಿ ಸೆಮಿಸ್ಟರಿಗೆ ಇಷ್ಟು ಕಿಲೋಮೀಟರ್ ಓಡಲೇಬೇಕು; ಲೆಕ್ಕ ಇಡುವುದು ಮೊಬೈಲ್ ಆ್ಯಪ್, ಅದು ಸೇರುವುದು ದೈಹಿಕ ಶಿಕ್ಷಣದ ಅಂಕಕ್ಕೆ. ಬಾಡಿಗೆ ಓಟಗಾರ ಹಲವರ ಫೋನುಗಳನ್ನು ಹೊತ್ತು ಒಂದೇ ಸುತ್ತು ಹೊಡೆಯುತ್ತಾನೆ. ಬರೀ ಹೆಜ್ಜೆಯ ಲೆಕ್ಕವಾದರೆ ಅಷ್ಟೂ ಬೇಡ, ಫೋನನ್ನು ತೊಟ್ಟಿಲಂತೆ ತೂಗುವ ಪುಟ್ಟ ಯಂತ್ರವೇ ಮಾರಾಟಕ್ಕಿದೆ.

ಫೋನು ಮೋಸ ಹೋಗುವುದು ಸಹಜವೇ. ಅದರೊಳಗಿನ ಆ್ಯಕ್ಸಿಲರೋಮೀಟರಿನಲ್ಲಿ ಸ್ಪ್ರಿಂಗಿಗೆ ಕಟ್ಟಿದಂತಿರುವ ಸಿಲಿಕಾನ್ ಚೂರೊಂದಿದೆ. ಮೈ ಕುಲುಕಿದಾಗ ಅದು ಕೂದಲೆಳೆಗಿಂತ ಕಡಿಮೆ ಸರಿಯುತ್ತದೆ. ಆ ಏರಿಳಿತದ ಲಯವನ್ನೇ ಆ್ಯಪ್ ಹೆಜ್ಜೆ ಎಂದು ಎಣಿಸುತ್ತದೆ. ಕುಲುಕಿದ್ದು ಯಾರೆಂದು ಅದಕ್ಕೇನು ಗೊತ್ತು?

ನನಗೆ ಕುತೂಹಲ ಇರುವುದು ಫೋನಿನ ಬಗ್ಗೆ ಅಲ್ಲ, ಹುಡುಗರ ಬಗ್ಗೆ: ಅಂಕದ ಆಮಿಷ ಒಡ್ಡಿದರೆ ಓಡುವ ಆಸಕ್ತಿಯೇ ಏನಾಗುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೀಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದ್ದವರು ಕಾಲೇಜು ವಿದ್ಯಾರ್ಥಿಗಳೇ, 24 ಮಂದಿ. ಕೈಗೆ ಕೊಟ್ಟದ್ದು ಸೋಮಾ ಕ್ಯೂಬ್: ಏಳು ತುಂಡು ಜೋಡಿಸಿ ಬಗೆಬಗೆಯ ಆಕಾರ ಕಟ್ಟುವ ಆಟ, ಡೆನ್ಮಾರ್ಕಿನ ಪೀಟ್ ಹೈನ್ ಕಂಡುಹಿಡಿದದ್ದು. ಒಟ್ಟು ಮೂರು ಸರದಿ. ಎರಡನೆಯದರಲ್ಲಿ ಅರ್ಧ ಜನರಿಗೆ ಮಾತ್ರ ಒಗಟು ಬಿಡಿಸಿದರೆ ಒಂದೊಂದಕ್ಕೆ ಒಂದು ಡಾಲರ್. ಪ್ರತಿ ಸರದಿಯ ಮಧ್ಯದಲ್ಲಿ ಪ್ರಯೋಗ ನಡೆಸುವವರು ನೆಪ ಹೇಳಿ ಎಂಟು ನಿಮಿಷ ಎದ್ದು ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳೂ ಇದ್ದವು. ಯಾರೂ ನೋಡುತ್ತಿಲ್ಲ ಎಂದುಕೊಂಡ ಆ ಎಂಟು ನಿಮಿಷದಲ್ಲಿ ಹುಡುಗರು ಏನು ಮಾಡುತ್ತಾರೆ ಎನ್ನುವುದೇ ನಿಜವಾದ ಪ್ರಯೋಗ. ಕನ್ನಡಿಯ ಹಿಂದೆ ನೋಡುವವರಿದ್ದರು. ಡಾಲರ್ ಸಿಕ್ಕವರು ಬಿಡುವಿನಲ್ಲಿ ಮೊದಲ ಸಲ ಸರಾಸರಿ 248 ಸೆಕೆಂಡ್ ಆಡಿದ್ದರು, ದುಡ್ಡಿದ್ದಾಗ 314. ದುಡ್ಡು ನಿಂತ ಮೇಲೆ 198ಕ್ಕೆ ಇಳಿಯಿತು. ಏನೂ ಸಿಗದವರ ಆಟ ಹೀಗೆ ಕುಸಿಯಲಿಲ್ಲ.

ಗುಂಪು ಚಿಕ್ಕದು, ವ್ಯತ್ಯಾಸವೂ ಭಾರೀ ಅಲ್ಲ, ನಿಜ. ಆದರೆ 1999ರಲ್ಲಿ ಡೀಸಿ ಮತ್ತು ಸಂಗಡಿಗರು 128 ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದಾಗಲೂ ತಕ್ಕಡಿ ವಾಲಿದ್ದು ಅದೇ ಕಡೆಗೆ: ಕೈಗೆ ಸಿಗುವ ಬಹುಮಾನ ಒಳಗಿನ ಆಸಕ್ತಿಯನ್ನು ಕುಗ್ಗಿಸುತ್ತದೆ.

ಅಂಕದ ಆಮಿಷ ಚೀನಾದಲ್ಲಷ್ಟೇ ಅಲ್ಲ; ಅಮೆರಿಕದ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯವೂ ಹೊಸ ವಿದ್ಯಾರ್ಥಿಗಳ ಕೈಗೆ ಹೆಜ್ಜೆ ಎಣಿಸುವ ಫಿಟ್‌ಬಿಟ್ ಕಟ್ಟಿಸಿ, ದಿನಕ್ಕೆ 10,000 ಹೆಜ್ಜೆಯನ್ನು ಅಂಕಕ್ಕೆ ಸೇರಿಸಿತ್ತು.

ಹಾಗಾದರೆ ಆ್ಯಪ್ ಅಳಿಸಿಬಿಡಬೇಕೆ? ಬೇಡ. ಓಡುವ ಮನಸ್ಸಿರುವವರಿಗೆ ನಿನ್ನೆಗಿಂತ ಇವತ್ತು ಎಷ್ಟು ಬೇಗ ಬಂದೆ ಎಂದು ತಿಳಿಯುವುದು ಹಿತವೇ. 1971ರ ಅದೇ ಲೇಖನದ ಇನ್ನೊಂದು ಪ್ರಯೋಗದಲ್ಲಿ ದುಡ್ಡಿನ ಬದಲು ಬಾಯಿಮಾತಿನ ಮೆಚ್ಚುಗೆ ಕೊಟ್ಟಿದ್ದರು. ಅಲ್ಲಿ ಆಸಕ್ತಿ ಕುಗ್ಗಲಿಲ್ಲ. ಆ್ಯಪ್ ತಯಾರಕರಲ್ಲಿ ಹಲವರು ಮಾತ್ರ ಇಂದಿಗೂ ನೆಚ್ಚಿಕೊಂಡಿರುವುದು ನಾಣ್ಯ, ಬ್ಯಾಡ್ಜುಗಳನ್ನೇ.