ಬಾಡಿಗೆಗೆ ಸಿಗುವ ಮಾವನ ಮನೆ

ಜೈಲಿಗೆ ಕನ್ನಡದಲ್ಲಿ ಅಡ್ಡಹೆಸರುಗಳಿಗೆ ಬರವಿಲ್ಲ. ಮಾವನ ಮನೆ ಅಂತಾರೆ, ಶ್ರೀಕೃಷ್ಣ ಜನ್ಮಸ್ಥಾನ ಅಂತಾರೆ. ಅಲ್ಲಿಗೆ ಹೋದವನು ಕಂಬಿ ಎಣಿಸುತ್ತಾನೆ, ಮುದ್ದೆ ಮುರಿಯುತ್ತಾನೆ. ಕೂತು ಉಣ್ಣುವ ಜಾಗ, ಖರ್ಚೆಲ್ಲ ಸರ್ಕಾರದ್ದು ಎಂಬ ಕುಹಕ ಈ ಮಾತುಗಳ ಒಳಗಿದೆ. ಕೆನಡಾದ ರಾಜಧಾನಿ ಒಟ್ಟಾವದಲ್ಲಿ 1973ರಲ್ಲಿ ಈ ಕುಹಕ ತಲೆಕೆಳಗಾಯಿತು. ನೂರಾ ಹತ್ತು ವರ್ಷ ಕೈದಿಗಳನ್ನು ಇಟ್ಟುಕೊಂಡಿದ್ದ ಕಾರ್ಲ್‌ಟನ್ ಕೌಂಟಿ ಜೈಲು ಪ್ರವಾಸಿಗರ ವಸತಿಗೃಹವಾಯಿತು. ಮಾವನ ಮನೆಗೆ ಅಳಿಯಂದಿರೇ ಬಾಡಿಗೆ ಕಟ್ಟತೊಡಗಿದರು.

ನಮ್ಮಲ್ಲಿ ಹಾಸ್ಟೆಲ್ ಎಂದರೆ ಹುಡುಗರು ಓದಲು ಇರುವ ಜಾಗ, ಸಾರು ನೀರಾಗಿರುವ ಜಾಗ. ಅಲ್ಲಿನ ಹಾಸ್ಟೆಲ್ ಬೇರೆ. ಬೆನ್ನಿಗೆ ಚೀಲ ಹಾಕಿಕೊಂಡು ದೇಶ ಸುತ್ತುವವರಿಗೆ ಹೋಟೆಲಿಗಿಂತ ಕಡಿಮೆ ದುಡ್ಡಿಗೆ ಸಿಗುವ ಮಂಚ. ನಿಕೋಲಸ್ ರಸ್ತೆಯ ಈ ಜೈಲಿಗೆ ಬಂದವರು ಇಂಥವರು.

ಕಟ್ಟಡ 1862ರದ್ದು. ಸುಣ್ಣಕಲ್ಲಿನ ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಎತ್ತರಕ್ಕೆ ಹತ್ತುವ ಕಲ್ಲಿನ ಮೆಟ್ಟಿಲು. ಸಣ್ಣ ಕೋಣೆಗಳ ಅಗಲ ಸುಮಾರು ಒಂದು ಮೀಟರ್, ಉದ್ದ ಮೂರು ಮೀಟರ್. ಅಂಕಿಯಲ್ಲಿ ಹೇಳಿದರೆ ಇದು ಮೈಗೆ ತಾಕುವುದಿಲ್ಲ. ರೈಲಿನ ಸ್ಲೀಪರ್ ಬರ್ತ್ ಒಂದನ್ನು ಗೋಡೆಗೆ ಒತ್ತಿಡಿ, ಪಕ್ಕದಲ್ಲಿ ಕಾಲಿಡಲು ಒಂದಡಿ ಚಿಲ್ಲರೆ ಜಾಗ ಬಿಡಿ, ಆಮೇಲೆ ಇನ್ನೊಂದು ಗೋಡೆ ಎಬ್ಬಿಸಿ. ನಿಂತು ಎರಡೂ ಕೈ ಚಾಚಲಾಗದು. ಮೊಣಕೈ ಮಡಚಿಕೊಂಡೇ ಅಂಗಿ ಬಿಚ್ಚಬೇಕು. ಒಟ್ಟಾವದ ಚಳಿಗಾಲದಲ್ಲಿ ಪಾದರಸ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಮೊದಮೊದಲು ಈ ಜೈಲಿನ ಕಿಟಕಿಗಳಿಗೆ ಕಂಬಿ ಇತ್ತು, ಗಾಜು ಇರಲಿಲ್ಲ.

ಅಂಥ ಜಾಗ ಲಾಡ್ಜ್ ಆಗಿದ್ದು ವಿಚಿತ್ರವೆನಿಸಬಹುದು. ನನಗೇನೋ ಇದಕ್ಕಿಂತ ಸಹಜವಾದ ಬದಲಾವಣೆ ಇಲ್ಲ ಅನ್ನಿಸುತ್ತದೆ. ಹಳೆಯ ಕಚೇರಿಯನ್ನೋ ಗಿರಣಿಯನ್ನೋ ವಸತಿಗೃಹ ಮಾಡಹೊರಟವನು ಗೋಡೆ ಒಡೆಯಬೇಕು, ಹೊಸದಾಗಿ ಕೋಣೆ ಎಬ್ಬಿಸಬೇಕು. ಜೈಲಿನಲ್ಲಿ ಆ ಕೆಲಸ ಆಗಲೇ ಮುಗಿದಿದೆ. ಸಾಲು ಕೋಣೆ, ನಡುವೆ ಓಣಿ, ದೊಡ್ಡ ಅಡುಗೆಮನೆ, ಬಂದುಹೋಗುವವರನ್ನು ಬರೆದುಕೊಳ್ಳಲು ಬಾಗಿಲಲ್ಲೊಂದು ಮೇಜು. ಲಾಡ್ಜಿನ ನಕ್ಷೆಗೂ ಜೈಲಿನ ನಕ್ಷೆಗೂ ಚಿಲಕ ಯಾವ ಕಡೆಗಿದೆ ಎಂಬಷ್ಟೇ ಅಂತರ. 1972ರಲ್ಲಿ ಕೈದಿಗಳು ಊರಾಚೆಯ ಹೊಸ ಬಂದೀಖಾನೆಗೆ ಹೋದರು. ಮರುವರ್ಷವೇ ಅತಿಥಿಗಳು ಬಂದರು. ಪಕ್ಕದ ಹಳೆಯ ನ್ಯಾಯಾಲಯವೂ ಮುಂದೆ ಕಲಾಕೇಂದ್ರವಾಯಿತು. ಶಿಕ್ಷೆ ಕೊಡುತ್ತಿದ್ದ ಮನೆಯಲ್ಲಿ ನಾಟಕ, ಶಿಕ್ಷೆ ಉಣ್ಣುತ್ತಿದ್ದ ಮನೆಯಲ್ಲಿ ನಿದ್ದೆ.

ಆದರೆ ಈ ಕಟ್ಟಡದಲ್ಲಿ ಒಂದನ್ನು ತೆಗೆಯದೆ ಬಿಟ್ಟರು: ನೇಣುಗಂಬ. ಮೂವರನ್ನು ಅಲ್ಲಿ ಅಧಿಕೃತವಾಗಿ ಗಲ್ಲಿಗೇರಿಸಿದ್ದಾರೆ. ಕೊನೆಯವನನ್ನು 1946ರಲ್ಲಿ, ಪೊಲೀಸ್ ಪತ್ತೇದಾರನೊಬ್ಬನನ್ನು ಕೊಂದ ಅಪರಾಧಕ್ಕೆ. ಮೊದಲನೆಯವನು ಪ್ಯಾಟ್ರಿಕ್ ಜೇಮ್ಸ್ ವೇಲನ್, ವೃತ್ತಿಯಿಂದ ದರ್ಜಿ. ಅವನ ಕಥೆ ಹೇಳದೆ ಈ ಜೈಲಿನ ಕಥೆ ಮುಗಿಯುವುದಿಲ್ಲ. ಅದು ಶುರುವಾಗುವುದೂ ಒಂದು ವಸತಿಗೃಹದ ಹೊಸ್ತಿಲಲ್ಲೇ.

ಥಾಮಸ್ ಡಾರ್ಸಿ ಮೆಗೀ ಐರ್ಲೆಂಡಿನಿಂದ ಬಂದವನು, ಕವಿ, ಪತ್ರಕರ್ತ, ಕೆನಡಾ ಒಕ್ಕೂಟವನ್ನು ಕಟ್ಟಿದವರಲ್ಲೊಬ್ಬ. ತಾರುಣ್ಯದಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದಿದ್ದವನು ಮುಂದೆ ಶಸ್ತ್ರ ಹಿಡಿದ ಐರಿಷ್ ಫೀನಿಯನ್ನರನ್ನೇ ಕಟುವಾಗಿ ವಿರೋಧಿಸಿ, ಸ್ವಂತ ಜನರಲ್ಲೇ ಹಗೆ ಕಟ್ಟಿಕೊಂಡಿದ್ದ. 1868ರ ಏಪ್ರಿಲ್ 7ರ ನಸುಕಿಗೆ ಮುಂಚೆ, ಸಂಸತ್ತಿನ ತಡರಾತ್ರಿಯ ಕಲಾಪ ಮುಗಿಸಿ ಸ್ಪಾರ್ಕ್ಸ್ ರಸ್ತೆಯಲ್ಲಿ ತಾನು ಬಾಡಿಗೆಗಿದ್ದ ಮನೆಗೆ ಬಂದ. ಬಾಗಿಲಲ್ಲಿ ನಿಂತಿದ್ದಾಗ ಹಿಂದಿನಿಂದ ಗುಂಡು ಬಿತ್ತು. ಆರು ದಿನಗಳ ನಂತರ ಮಾಂಟ್ರಿಯಲ್‌ನಲ್ಲಿ ಅಂತ್ಯಕ್ರಿಯೆ. ಅಂದು ಅವನ 43ನೇ ಹುಟ್ಟುಹಬ್ಬ.

ವೇಲನ್‌ನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಹಿಡಿದರು. ಅವನ ಬಳಿ ರಿವಾಲ್ವರ್ ಸಿಕ್ಕಿತು. ವಿಚಾರಣೆಯಲ್ಲಿ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ನ್ಯಾಯಾಧೀಶರ ಪಕ್ಕದಲ್ಲೇ ಕೂತಿದ್ದರು. ಸತ್ತವನು ಅವರ ಗೆಳೆಯ. ನ್ಯಾಯ ಕೊಡುವವನ ಮಗ್ಗುಲಲ್ಲಿ ಗೆಳೆಯನ ಕುರ್ಚಿ. ಮೇಲ್ಮನವಿಯಲ್ಲಿ ಒಂದೇ ಒಂದು ಮತದಿಂದ ತೀರ್ಪು ನಿಂತಿತು, ಆ ಮತವೂ ಕೆಳಗೆ ಶಿಕ್ಷೆ ಕೊಟ್ಟಿದ್ದ ಅದೇ ನ್ಯಾಯಾಧೀಶರದ್ದು. ಕೊಂದವನು ತಾನಲ್ಲ ಎಂದು ವೇಲನ್ ಕೊನೆಯವರೆಗೂ ಹೇಳಿದ. 1869ರ ಫೆಬ್ರುವರಿ 11ರಂದು, ನಡುಚಳಿಯಲ್ಲಿ, ಐದು ಸಾವಿರಕ್ಕೂ ಹೆಚ್ಚು ಜನರ ಎದುರು ಅವನನ್ನು ಗಲ್ಲಿಗೆ ಹಾಕಿದರು. ಕೆನಡಾದಲ್ಲಿ ಜನರೆದುರು ನಡೆದ ಕೊನೆಯ ಕೆಲವೇ ಗಲ್ಲುಗಳಲ್ಲಿ ಅದೂ ಒಂದು. ಅವನೇ ಕೊಂದನೇ, ಕೊಂದವರ ಗುಂಪಿನಲ್ಲಿದ್ದನೇ, ಅಥವಾ ಏನೂ ಅರಿಯದವನೇ ಎಂಬ ವಾದ ಇಂದಿಗೂ ಮುಗಿದಿಲ್ಲ. ರಾತ್ರಿ ಮಂಚದ ಕಾಲ ಬಳಿ ವೇಲನ್ ನಿಂತಿರುತ್ತಾನೆ ಎಂಬ ದೆವ್ವದ ಕಥೆ ಹಾಸ್ಟೆಲಿಗೆ ಒಳ್ಳೆಯ ವ್ಯಾಪಾರ ತಂದಿತ್ತು. ಬೇಡ ಅನ್ನಲಾರೆ. ಆದರೆ ಒಬ್ಬ ದರ್ಜಿಗೆ ಸರಿಯಾದ ವಿಚಾರಣೆ ಸಿಕ್ಕಿತೇ ಎಂಬ ಪ್ರಶ್ನೆಗಿಂತ ಅವನ ದೆವ್ವ ಹೆಚ್ಚು ಜನಪ್ರಿಯವಾಗಿದ್ದು ಸ್ವಲ್ಪ ಇರಿಸುಮುರಿಸು.

ಜೈಲುಗಳನ್ನು ಹೋಟೆಲ್ ಮಾಡಿದವರು ಇನ್ನೂ ಇದ್ದಾರೆ. ಸ್ಟಾಕ್‌ಹೋಮಿನ ಲಾಂಗ್‌ಹೋಲ್ಮೆನ್ ಜೈಲಿನಲ್ಲಿ ಸ್ವೀಡನ್ನಿನ ಕೊನೆಯ ಮರಣದಂಡನೆ 1910ರಲ್ಲಿ ನಡೆಯಿತು. 1975ರಲ್ಲಿ ಜೈಲು ಮುಚ್ಚಿ, 1989ರಲ್ಲಿ ಹೋಟೆಲ್ ತೆರೆಯಿತು. ಬಾಸ್ಟನ್‌ನ ಚಾರ್ಲ್ಸ್ ಸ್ಟ್ರೀಟ್ ಜೈಲಿನದು ಇನ್ನೂ ಸ್ವಾರಸ್ಯ. ಕೈದಿಗಳು ಅಲ್ಲಿನ ದುರವಸ್ಥೆ ಕುರಿತು ಮೊಕದ್ದಮೆ ಹೂಡಿದಾಗ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಒಂದು ರಾತ್ರಿ ಅಲ್ಲೇ ಕಳೆದು, 1973ರಲ್ಲಿ ಅದು ಸಂವಿಧಾನಬಾಹಿರ ಎಂದು ತೀರ್ಪಿತ್ತರು. ತನ್ನ ಇಚ್ಛೆಯಿಂದ ಅಲ್ಲಿ ಮಲಗಿದ ಮೊದಲಿಗರಲ್ಲಿ ಅವರೊಬ್ಬರಿರಬೇಕು! 1990ರಲ್ಲಿ ಮುಚ್ಚಿದ ಆ ಜೈಲು 2007ರಲ್ಲಿ ಐಷಾರಾಮಿ ಹೋಟೆಲ್ ಆಯಿತು. ಹೆಸರು ಲಿಬರ್ಟಿ, ಒಳಗಿನ ಬಾರಿನ ಹೆಸರು ಆಲಿಬೈ. ಅಪರಾಧ ನಡೆದಾಗ ತಾನಲ್ಲಿರಲಿಲ್ಲ ಎಂದು ಆರೋಪಿ ಹೇಳುವ ಮಾತು, ಅಲ್ಲಿ ಪಾನಪ್ರಿಯರ ತಮಾಷೆ. ಒಟ್ಟಾವದ ಇಕ್ಕಟ್ಟು ಕೋಣೆ ನನಗೆ ಹಿಡಿಸುವುದು ಇಲ್ಲಿಯೇ. ಅದು ತಮಾಷೆ ಮಾಡಲು ಹೋದರೂ ಮೊಣಕೈ ಗೋಡೆಗೆ ಬಡಿಯುತ್ತದೆ.

ನಮ್ಮ ಬೀದರಿನವರು ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಂಗಾರೆಡ್ಡಿ ಸಿಗುತ್ತದೆ. 1796ರ ಅಲ್ಲಿನ ಜೈಲನ್ನು ವಸ್ತುಸಂಗ್ರಹಾಲಯ ಮಾಡಿ, 2016ರಲ್ಲಿ ದಿನಕ್ಕೆ 500 ರೂಪಾಯಿಗೆ ಕೈದಿಯಾಗುವ ಯೋಜನೆ ತಂದರು: ಖಾದಿ ಉಡುಪು, ತಟ್ಟೆ, ಲೋಟ, ಜೈಲಿನ ಊಟ. ಕೋಣೆಯನ್ನು ತಾವೇ ಗುಡಿಸಿಕೊಳ್ಳಬೇಕಿತ್ತು. ಬೆಂಗಳೂರಿನ ಸೆಂಟ್ರಲ್ ಜೈಲು ಮಾತ್ರ ಆ ದಾರಿ ಹಿಡಿಯಲಿಲ್ಲ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಅದು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರವಿದೆ, ಧರಣಿ ಕೂರುವವರಿಗೆ ಜಾಗವಿದೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದ ಜೈಲು. ಅಸ್ತಮಾದಿಂದ ನರಳುತ್ತ ನಟಿ ಸ್ನೇಹಲತಾ ರೆಡ್ಡಿ ದಿನ ದೂಡಿದ ಜೈಲು. ಬಿಡುಗಡೆಯಾದ ಬೆನ್ನಲ್ಲೇ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರಿದ್ದ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬೆಳಗಿನ ತಿಂಡಿ ನಮ್ಮಲ್ಲಿ ಯಾರ ಗಂಟಲಲ್ಲಿ ಇಳಿಯುತ್ತಿತ್ತೋ ಗೊತ್ತಿಲ್ಲ. ನೂರು ವರ್ಷ ಕಳೆದ ಮೇಲೆ ಇಳಿಯುತ್ತದೇನೋ. ಒಟ್ಟಾವದಲ್ಲಿ ಹಾಗೆಯೇ ಆಯಿತು.

ಪೂರ್ತಿ ಇಳಿಯಿತು ಅನ್ನುವಂತೆಯೂ ಇಲ್ಲ. ಗಂಡನ ಶವವನ್ನು ಮಾಂಟ್ರಿಯಲ್‌ಗೆ ಒಯ್ಯಬೇಕೆಂಬುದು ವೇಲನ್‌ನ ಹೆಂಡತಿಯ ಆಸೆಯಾಗಿತ್ತು. ಕೊಡಲಿಲ್ಲ, ಜೈಲಿನ ಆವರಣದಲ್ಲೇ ಹೂತರು. ಮೇಲೆ ಅತಿಥಿಗಳು ಬಂದರು, ಹೋದರು. 2002ರಲ್ಲಿ ಅಲ್ಲೊಂದು ಪ್ರಾರ್ಥನೆ ನಡೆಸಿ, ಅವನ ಹೆಸರಿನಲ್ಲಿ ಪೆಟ್ಟಿಗೆಯೊಂದರಲ್ಲಿ ಅಲ್ಲಿನ ಮಣ್ಣು ತುಂಬಿ ಮಾಂಟ್ರಿಯಲ್‌ನ ನೋಟ್ರ್ ಡಾಮ್ ದೆ ನೇಜ್ ಸ್ಮಶಾನಕ್ಕೆ ಕಳಿಸಿಕೊಟ್ಟರು. ಮೆಗೀಯ ಸಮಾಧಿ ಇರುವುದೂ ಅದೇ ಸ್ಮಶಾನದಲ್ಲಿ.