ಏನೂ ಆಗಿಲ್ಲ ಬಿಡಿ

ಸೈಕಲ್‌ನಿಂದ ಬಿದ್ದವರು ಎದ್ದು ಕೂತು ಮೊದಲು ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಏನೂ ಆಗಿಲ್ಲ ಬಿಡಿ.’ ನಾನೂ ಅದನ್ನೇ ಹೇಳಿದೆನಂತೆ. ‘ಅಂತೆ’ ಯಾಕೆಂದರೆ ನನಗೆ ನೆನಪಿಲ್ಲ. ನಂದಿಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಮಳೆನೀರು ತಂದು ಹಾಕಿದ್ದ ಮರಳಿನ ಮೇಲೆ ಮುಂದಿನ ಚಕ್ರ ಜಾರಿತು, ಅಲ್ಲಿಯವರೆಗೆ ಗೊತ್ತು. ಆಮೇಲೆ ಗೊತ್ತಿರುವುದು ಯಾರದೋ ಕಾರಿನ ಹಿಂದಿನ ಸೀಟು. ನಡುವಿನ ಇಪ್ಪತ್ತು ನಿಮಿಷದ ಕಥೆ ಹಿಂದೆ ಬರುತ್ತಿದ್ದ ಗೆಳೆಯನದು. ನಾನು ಎದ್ದೆ, ಮೈ ಕೊಡವಿಕೊಂಡೆ, ನೀರು ಕುಡಿದೆ, ‘ಏನೂ ಆಗಿಲ್ಲ ಬಿಡೋ, ಹೊರಡೋಣ’ ಅಂದೆ. ಆಮೇಲೆ ‘ನನ್ನ ಸೈಕಲ್ ಎಲ್ಲೋ?’ ಎಂದು ಕೇಳಿದೆ. ತೋರಿಸಿದ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ನಾಲ್ಕನೇ ಸಲ ಕೇಳಿದಾಗ ಅವನು ಎರಡೂ ಸೈಕಲ್‌ಗಳನ್ನು ಒಂದು ಎಳನೀರಿನ ಅಂಗಡಿಯಲ್ಲಿ ಬಿಟ್ಟು, ಬರುತ್ತಿದ್ದ ಕಾರಿಗೆ ಕೈ ಅಡ್ಡ ಹಿಡಿದ.

ಅವತ್ತು ನನ್ನನ್ನು ಕಾಪಾಡಿದ್ದು ಎರಡು. ತಲೆಯ ಮೇಲಿದ್ದ ಹೆಲ್ಮೆಟ್ ಒಂದು, ನನ್ನ ಮಾತನ್ನು ನಂಬದ ಗೆಳೆಯ ಇನ್ನೊಂದು. ಕೈಗೆ ಪೆಟ್ಟಾದರೆ ಎಷ್ಟಾಗಿದೆ ಎಂದು ತಲೆ ಲೆಕ್ಕ ಹಾಕುತ್ತದೆ. ಪೆಟ್ಟು ತಲೆಗೇ ಆದಾಗ ಲೆಕ್ಕ ಹಾಕುವವರು ಯಾರು? ಪ್ರಜ್ಞೆ ತಪ್ಪದಿದ್ದರೆ ಭಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವೈದ್ಯರು ಕನ್ಕಷನ್ ಎನ್ನುವ ಮಿದುಳಿನ ಅಲುಗಾಟಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಬಹಳ ಜನರಿಗೆ ತಪ್ಪುವುದೂ ಇಲ್ಲ. ಹಾಗಾಗಿ ಜೊತೆಯಲ್ಲಿದ್ದವರು ‘ಹುಷಾರಾಗಿದ್ದೀಯಾ?’ ಎಂದು ಕೇಳಿ ಪ್ರಯೋಜನವಿಲ್ಲ. ಬೆಳಿಗ್ಗೆ ಎಲ್ಲಿಂದ ಹೊರಟೆವು, ತಿಂಡಿ ಏನು ತಿಂದೆವು, ಇವತ್ತು ಯಾವ ವಾರ ಎಂದು ಕೇಳಿ. ಉತ್ತರ ತಡವರಿಸಿದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು.

ಬಿದ್ದವರನ್ನು ರೆಟ್ಟೆ ಹಿಡಿದು ಎಬ್ಬಿಸುವುದು ನಮ್ಮ ಜನರ ಮೊದಲ ಉಪಕಾರ. ಅದಕ್ಕೂ ಮುಂಚೆ ಒಬ್ಬರು ಹಿಂದಿನ ತಿರುವಿನಲ್ಲಿ ನಿಂತು ವಾಹನಗಳನ್ನು ನಿಧಾನಿಸಬೇಕು. ಬಿದ್ದವರಿಗೆ ಕತ್ತು ನೋಯುತ್ತಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ ಎಬ್ಬಿಸಬೇಡಿ, ಹೆಲ್ಮೆಟ್ ಎಳೆದು ತೆಗೆಯಬೇಡಿ. ಉಸಿರಿಗೆ ಅಡ್ಡಿಯಿಲ್ಲವೇ ನೋಡಿ, ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು 108ಕ್ಕೆ ಕರೆ ಮಾಡಿಸಿ. ಪೊಲೀಸ್ ಕೇಸಿನ ಭಯದಿಂದ ಹಿಂಜರಿಯುವವರಿಗೆ ಒಂದು ಮಾತು: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಮತ್ತು ಅದರಡಿಯ ನಿಯಮಗಳ ಪ್ರಕಾರ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ.

ತಲೆಪೆಟ್ಟಿನಲ್ಲಿ ಹೆದರಬೇಕಾದದ್ದು ಒಳಗಿನ ರಕ್ತಸ್ರಾವಕ್ಕೆ. ಕಿವಿಯ ಮೇಲ್ಭಾಗದ ಮೂಳೆ ತೆಳು. ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹೋಗುತ್ತದೆ. ಅದು ಹರಿದರೆ ಮೊದಲ ಒಂದೆರಡು ಗಂಟೆ ಮನುಷ್ಯ ಚೆನ್ನಾಗಿಯೇ ಮಾತಾಡುತ್ತಿರಬಹುದು, ಕಾಫಿಯನ್ನೂ ಕುಡಿಯಬಹುದು. ರಕ್ತ ತುಂಬಿ ಮಿದುಳನ್ನು ಒತ್ತತೊಡಗಿದ ಮೇಲೆ ಕುಸಿಯುತ್ತಾನೆ. ತಲೆನೋವು ಹೆಚ್ಚುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಕವಿದರೆ, ಕಣ್ಣಿನ ಪಾಪೆಗಳು ಒಂದು ದೊಡ್ಡದು ಒಂದು ಚಿಕ್ಕದಾಗಿ ಕಂಡರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರಿದರೆ ಒಂದು ನಿಮಿಷವೂ ಕಾಯಬಾರದು. ಬೆಂಗಳೂರಿನ ಸುತ್ತಲವರಿಗೆ ತಲೆಪೆಟ್ಟು ಎಂದರೆ ನಿಮ್ಹಾನ್ಸ್ ನೆನಪಾಗುತ್ತದೆ. ನೀವು ಚಿಕ್ಕಬಳ್ಳಾಪುರದಲ್ಲಿದ್ದರೆ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯೇ ಮೊದಲು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು ಯಾವ ಲಕ್ಷಣ ಇಲ್ಲದಿದ್ದರೂ ತೋರಿಸಿಕೊಳ್ಳಬೇಕು. ಅವರಲ್ಲಿ ರಕ್ತ ವಾರಗಟ್ಟಲೆ ಹನಿಹನಿಯಾಗಿ ಸೇರಿಕೊಳ್ಳಬಹುದು.

ಇನ್ನು ಹೆಲ್ಮೆಟ್. ಅದರ ಹೊರಗಿನ ಚಿಪ್ಪು ತೆಳ್ಳನೆಯ ಪ್ಲಾಸ್ಟಿಕ್. ಕೆಲಸ ಮಾಡುವುದು ಒಳಗಿನ ಬಿಳಿ ಅಥವಾ ಕಪ್ಪು ನೊರೆ: ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನದೇ ಜಾತಿ, ಇನ್ನಷ್ಟು ಗಟ್ಟಿ. ‘ಥರ್ಮಾಕೋಲ್ ಏನು ಕಾಪಾಡೀತು’ ಎಂದು ಮೂಗು ಮುರಿಯುವವರಿದ್ದಾರೆ. ದೇವಸ್ಥಾನದ ಮುಂದೆ ಈಡುಗಾಯಿ ಒಡೆಯುವುದನ್ನು ನೆನಪಿಸಿಕೊಳ್ಳಿ. ಕಲ್ಲಿನ ಮೇಲೆ ಚೂರಾಗುವ ಕಾಯಿ ಮರಳಿನ ಮೇಲೆ ಒಡೆಯುವುದಿಲ್ಲ, ಯಾಕೆಂದರೆ ಮರಳು ಜಾಗ ಬಿಟ್ಟುಕೊಡುತ್ತದೆ. ಲೆಕ್ಕವೂ ಸರಳ. ಒಂದೂವರೆ ಮೀಟರ್ ಎತ್ತರದಿಂದ ಬೀಳುವ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 19 ಕಿಲೋಮೀಟರ್. ಬರಿ ತಲೆ ಡಾಂಬರಿಗೆ ಬಡಿದು ಎರಡು ಮೂರು ಮಿಲಿಮೀಟರ್‌ನಲ್ಲಿ ನಿಂತರೆ, ನಿಲ್ಲಲು ಹಿಡಿಯುವ ಹೊತ್ತು ಸೆಕೆಂಡಿನ ಸಾವಿರದ ಒಂದು ಪಾಲು. ತಲೆಯ ಮೇಲೆ ಬೀಳುವ ಬಲ ಅದರ ತೂಕದ ಆರುನೂರು ಪಟ್ಟಿನ ಆಸುಪಾಸು. ನಡುವೆ ನೊರೆಯಿದ್ದು ಅದು ಎರಡು ಸೆಂಟಿಮೀಟರ್ ಕುಸಿದರೆ ನಿಲ್ಲುವ ಹೊತ್ತು ಏಳೆಂಟು ಪಟ್ಟು ಹೆಚ್ಚುತ್ತದೆ, ಬಲ ಎಂಬತ್ತು ಪಟ್ಟಿಗಿಂತ ಕೆಳಗೆ ಇಳಿಯುತ್ತದೆ. ಹೆಲ್ಮೆಟ್ಟಿಗೆ ಕೊಡುವ ದುಡ್ಡೆಲ್ಲ ಈ ಎರಡು ಸೆಂಟಿಮೀಟರ್‌ಗೆ. ಯುರೋಪಿನ ಇಎನ್ 1078 ಮಾನದಂಡ ಸುಮಾರು ಇದೇ ವೇಗದಲ್ಲಿ ಹೆಲ್ಮೆಟ್ಟನ್ನು ಸಪಾಟು ಕಬ್ಬಿಣಕ್ಕೆ ಬೀಳಿಸಿ, ಒಳಗಿನ ನಕಲಿ ತಲೆಗೆ 250 ಪಟ್ಟು ಮೀರಬಾರದು ಎನ್ನುತ್ತದೆ. ಅಮೆರಿಕದ ಸಿಪಿಎಸ್‌ಸಿ ಮಾನದಂಡ ಎರಡು ಮೀಟರ್‌ನಿಂದ ಬೀಳಿಸಿ 300ಕ್ಕೆ ಗೆರೆ ಎಳೆಯುತ್ತದೆ. ಕೊಳ್ಳುವಾಗ ಒಳಗೆ ಈ ಎರಡರಲ್ಲಿ ಒಂದು ಚೀಟಿ ಇದೆಯೇ ನೋಡಿದರೆ ಅರ್ಧ ಕೆಲಸ ಮುಗಿಯಿತು.

‘ನಾನು ನಲವತ್ತರಲ್ಲಿ ಇಳಿಯುತ್ತೇನೆ, ಹತ್ತೊಂಬತ್ತರ ಹೆಲ್ಮೆಟ್ ಯಾವ ಲೆಕ್ಕ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ತಲೆ ನೆಲಕ್ಕೆ ಬೀಳುವ ವೇಗವನ್ನು ಬಹುಪಾಲು ನಿರ್ಧರಿಸುವುದು ನೀವು ಕೂತ ಎತ್ತರ. ಮುಂದಕ್ಕೆ ಹೋಗುತ್ತಿದ್ದ ವೇಗ ನಿಮ್ಮನ್ನು ರಸ್ತೆಯ ಮೇಲೆ ಉಜ್ಜುತ್ತಾ ಒಯ್ಯುತ್ತದೆ. ನೇರವಾಗಿ ಗೋಡೆಗೋ ಎದುರು ಬರುವ ಲಾರಿಗೋ ಗುದ್ದಿದರೆ ಮಾತು ಬೇರೆ. ಅಲ್ಲಿ ಎರಡು ಸೆಂಟಿಮೀಟರ್ ನೊರೆ ಸಾಲದು.

ಉಜ್ಜುವುದರಲ್ಲಿ ಇನ್ನೊಂದು ಅಪಾಯವಿದೆ. ಓರೆಯಾಗಿ ಬಿದ್ದ ತಲೆಗೆ ರಸ್ತೆ ಒಂದು ತಿರುವು ಕೊಡುತ್ತದೆ. ಮಿದುಳು ಮೆತ್ತಗೆ, ಹದವಾಗಿ ಬೆಂದ ಗಿಣ್ಣಿನ ಹಾಗೆ. ಗಿಣ್ಣಿನ ಪಾತ್ರೆಯನ್ನು ತಟ್ಟನೆ ತಿರುಗಿಸಿದರೆ ಪಾತ್ರೆ ತಿರುಗುತ್ತದೆ, ಗಿಣ್ಣು ಹಿಂದೆ ಉಳಿದು ಅಂಚಿನಲ್ಲಿ ಬಿರಿಯುತ್ತದೆ. ಮಿದುಳಿನ ಎಳೆಗಳಿಗೆ ಆಗುವುದೂ ಇಂಥದ್ದೇ. ಹೆಲ್ಮೆಟ್ಟಿನ ಹೊರಮೈ ನುಣುಪಾಗಿರುವುದು ಇದಕ್ಕೇ: ರಸ್ತೆಗೆ ಕಚ್ಚಿಕೊಳ್ಳದೆ ಜಾರಬೇಕು. ಸ್ವೀಡನ್ನಿನವರು ರೂಪಿಸಿದ ಮಿಪ್ಸ್ ಎಂಬ ವ್ಯವಸ್ಥೆಯಲ್ಲಿ ಒಳಗೊಂದು ತೆಳು ಪದರ ಇರುತ್ತದೆ. ಪೆಟ್ಟು ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ ಒಂದಿಷ್ಟು ಜಾರಿ ಆ ತಿರುವಿನ ಪಾಲನ್ನು ತಾನು ತೆಗೆದುಕೊಳ್ಳುತ್ತದೆ. ಬೆಲೆ ಹೆಚ್ಚು. ಕೈಗೆಟುಕದಿದ್ದರೆ ಚಿಂತೆಯಿಲ್ಲ, ತಲೆಗೆ ಸರಿಯಾಗಿ ಕೂತ ಸಾದಾ ಹೆಲ್ಮೆಟ್ ಸಡಿಲವಾದ ದುಬಾರಿ ಹೆಲ್ಮೆಟ್ಟಿಗಿಂತ ಮೇಲು.

ಸರಿಯಾಗಿ ಕೂರುವುದು ಎಂದರೆ ಹುಬ್ಬಿನಿಂದ ಎರಡು ಬೆರಳು ಮೇಲೆ, ಮಟ್ಟಸವಾಗಿ. ಬೆಳಗಿನ ಹೊತ್ತು ರಿಂಗ್ ರೋಡಿನಲ್ಲಿ ನಿಂತು ನೋಡಿ: ಅರ್ಧ ಜನರ ಹೆಲ್ಮೆಟ್ ಮದುವೆ ಗಂಡಿನ ಪೇಟದಂತೆ ಹಿಂದಕ್ಕೆ ವಾಲಿ ಹಣೆ ಪೂರ್ತಿ ಬಯಲಾಗಿರುತ್ತದೆ. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗದ್ದದ ಕೆಳಗೆ ಒಂದೆರಡು ಬೆರಳು ತೂರುವಷ್ಟೇ ಸಡಿಲ ಸಾಕು. ಬಕಲ್ ಹಾಕುವ ಮೊದಲೇ ತಲೆ ಕೊಡವಿ ನೋಡಿ, ಹೆಲ್ಮೆಟ್ ಅಲ್ಲಾಡಿದರೆ ಅಳತೆ ತಪ್ಪಿದೆ.

ಸೈಕಲ್ ಸ್ಪರ್ಧೆಯ ಮಂದಿಯೇ ಹೆಲ್ಮೆಟ್ಟನ್ನು ಸುಲಭಕ್ಕೆ ಒಪ್ಪಲಿಲ್ಲ. 1991ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಕಡ್ಡಾಯ ಮಾಡಹೊರಟಾಗ ವೃತ್ತಿಪರ ಸವಾರರು ಪ್ರತಿಭಟಿಸಿದರು, ಒಕ್ಕೂಟ ಹಿಂದೆ ಸರಿಯಿತು. 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ ಇಟಲಿಯ ಫಾಬಿಯೊ ಕಾಸರ್ಟೆಲ್ಲಿ ಇಳಿಜಾರಿನಲ್ಲಿ ಬಿದ್ದು ಸತ್ತ. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಕಝಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು, ತಲೆಪೆಟ್ಟಿನಿಂದ ತೀರಿಕೊಂಡ. ಆ ವರ್ಷದ ಮೇ ತಿಂಗಳಲ್ಲಿ ನಿಯಮ ಬಂತು, ಆಗಲೂ ಕೊನೆಯ ಏರಿನಲ್ಲಿ ತೆಗೆಯಬಹುದೆಂಬ ರಿಯಾಯಿತಿಯೊಂದಿಗೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಬೈಕು, ಸ್ಕೂಟರಿನವರಿಗಷ್ಟೇ, ಸೈಕಲ್‌ಗಿಲ್ಲ. ಕಡ್ಡಾಯ ಮಾಡಿದರೆ ಸೈಕಲ್ ತುಳಿಯುವವರೇ ಕಡಿಮೆಯಾಗುತ್ತಾರೆ ಎಂಬ ವಾದ ಆಸ್ಟ್ರೇಲಿಯದಲ್ಲಿ 1990ರಿಂದ ನಡೆದೇ ಇದೆ. ನೆದರ್ಲೆಂಡ್ಸ್‌ನಲ್ಲಿ ದಿನನಿತ್ಯ ಸೈಕಲ್ ತುಳಿಯುವವರು ಹೆಲ್ಮೆಟ್ ಹಾಕುವುದೇ ಅಪರೂಪ; ಅವರಿಗೆ ಬಸ್ಸು ಲಾರಿಗಳಿಂದ ದೂರವಾದ ತಮ್ಮದೇ ದಾರಿಯಿದೆ. ಆ ದಾರಿಯಿಲ್ಲದ ನಾವು ಅವರ ಬರಿ ತಲೆಯನ್ನು ಉದಾಹರಣೆ ಕೊಡುವುದು ನಗೆಪಾಟಲು. 40 ಅಧ್ಯಯನಗಳ, 64,000ಕ್ಕೂ ಹೆಚ್ಚು ಗಾಯಾಳುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಇಬ್ಬರು ಆಸ್ಟ್ರೇಲಿಯನ್ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹೆಲ್ಮೆಟ್ ಧರಿಸಿದವರಿಗೆ ತಲೆಗೆ ಪೆಟ್ಟಾಗುವ ಸಂಭವ ಶೇ 51ರಷ್ಟು, ಗಂಭೀರ ಪೆಟ್ಟಿನದು ಶೇ 69ರಷ್ಟು ಕಡಿಮೆ ಕಂಡುಬಂತು. ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಹಂಚುತ್ತಿದ್ದ ವರ್ಷಗಳಲ್ಲಿ ಊರೂರಿನ ಶಾಲೆಯ ದಾರಿಯಲ್ಲಿ ಸಾಲು ಸಾಲು ಸೈಕಲ್ ನೋಡಿದ್ದೇನೆ. ಆ ಸಾಲಿನಲ್ಲಿ ಒಂದು ಹೆಲ್ಮೆಟ್ಟನ್ನೂ ಕಂಡ ನೆನಪಿಲ್ಲ.

ತಲೆ ಉಳಿದ ಮೇಲೆ ಮಿಕ್ಕಿದ್ದು ಮೈ. ತರಚು ಗಾಯಕ್ಕೆ ನಮ್ಮ ಮನೆಗಳಲ್ಲಿ ಕಾಫಿಪುಡಿ, ಅರಿಸಿನ, ಸುಣ್ಣ, ತುಂಬೆ ಸೊಪ್ಪಿನ ರಸ ಎಲ್ಲವೂ ಬರುತ್ತವೆ. ಬೇಡ. ಬೇಕಾದದ್ದು ನಲ್ಲಿಯ ನೀರು, ಧಾರೆಯಾಗಿ, ಐದು ಹತ್ತು ನಿಮಿಷ. ಒಳಗೆ ಕೂತ ಮರಳು, ಡಾಂಬರಿನ ಕಣಗಳನ್ನು ಅವತ್ತೇ ತೆಗೆಯದಿದ್ದರೆ ಚರ್ಮ ಅದರ ಮೇಲೆಯೇ ಬೆಳೆದು ಹಚ್ಚೆ ಹಾಕಿಸಿಕೊಂಡಂತೆ ಕಪ್ಪು ಕಲೆ ಉಳಿಯುತ್ತದೆ. ಗಾಯಕ್ಕೆ ಗಾಳಿಯಾಡಿ ಒಣಗಲಿ ಎನ್ನುವುದು ಹಳೆಯ ಮಾತು. ಅಂಟದ, ಜಿಡ್ಡು ಸವರಿದ ಗಾಜ್ ಹಾಕಿ ಪಸೆಯಾಗಿಟ್ಟರೆ ಬೇಗ ವಾಸಿ, ಹಕ್ಕಳೆಯ ಎಳೆತವೂ ಇಲ್ಲ. ಟಿಟಿ ಚುಚ್ಚುಮದ್ದು ತೆಗೆದುಕೊಂಡು ಐದು ವರ್ಷ ದಾಟಿದ್ದರೆ ಇನ್ನೊಂದು ಹಾಕಿಸಿ.

ಬೀಳುವಾಗ ಕೈ ಊರುವುದು ಸಹಜ. ಆ ಪೆಟ್ಟು ಮಣಿಕಟ್ಟಿನಿಂದ ಭುಜಕ್ಕೆ ಏರಿ ಕಾಲರ್ ಬೋನ್ ಮುರಿಯಬಹುದು, ನೇರವಾಗಿ ಭುಜದ ಮೇಲೆ ಬಿದ್ದಾಗಲಂತೂ ಇನ್ನೂ ಹೆಚ್ಚು. ಸೈಕಲ್ ಸವಾರರಿಗೆ ಅತಿ ಪರಿಚಿತ ಮುರಿತ ಅದು. ಬಹಳಷ್ಟು ಸಲ ಜೋಲಿಪಟ್ಟಿ ಹಾಕಿ ಆರೆಂಟು ವಾರ ಕಾದರೆ ಕೂಡಿಕೊಳ್ಳುತ್ತದೆ. ಮೋಸ ಮಾಡುವುದು ಮಣಿಕಟ್ಟಿನ ಸ್ಕ್ಯಾಫಾಯ್ಡ್ ಎಂಬ ಗೋಡಂಬಿಯಷ್ಟು ಮೂಳೆ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಾಗುತ್ತದೆ, ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ‘ಉಳುಕಿದೆ ಅಷ್ಟೇ’ ಎಂದು ಬಿಡಬಾರದು. ಪಟ್ಟಿ ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಬೇಕು. ಆ ಮೂಳೆಗೆ ರಕ್ತ ಪೂರೈಕೆ ಕಡಿಮೆ, ಗಮನಿಸದಿದ್ದರೆ ಕೂಡದೇ ಉಳಿಯಬಹುದು. ಮುರಿದ ಮೂಳೆಗೆ ನಾಟಿ ವೈದ್ಯರು ಹಾಕುವ ಪುತ್ತೂರು ಕಟ್ಟಿನ ಮೇಲೆ ನಂಬಿಕೆಯಿರುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಎಕ್ಸ್‌ರೇ ಆಗದೆ ಕಟ್ಟಿಸಬೇಡಿ, ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿಸಿ ಎಂದಷ್ಟೇ ಹೇಳುತ್ತೇನೆ. ಮಕ್ಕಳ ವಿಷಯದಲ್ಲಿ ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಚುಚ್ಚಿತ್ತೇ ಎಂದು ತಪ್ಪದೆ ಕೇಳಿ. ಹೊರಗೆ ಉಂಗುರದಷ್ಟು ಕೆಂಪು ಗುರುತು, ಒಳಗೆ ಗುಲ್ಮಕ್ಕೋ ಮೇದೋಜೀರಕಕ್ಕೋ ಪೆಟ್ಟು. ನೋವು ಮಾರನೆಯ ದಿನ ಶುರುವಾಗಬಹುದು.

ನನ್ನ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಕನ್ಕಷನ್ ಸ್ಕ್ಯಾನ್‌ನಲ್ಲಿ ಕಾಣುವಂಥದ್ದಲ್ಲ. ಪತ್ರಿಕೆ ಹಿಡಿದರೆ ಎರಡನೇ ಕಾಲಂಗೆ ತಲೆ ಭಾರ, ಕುಕ್ಕರ್ ಕೂಗಿದರೆ ಸಿಟ್ಟು, ಪರಿಚಿತರ ಹೆಸರು ನಾಲಿಗೆ ತುದಿಯಲ್ಲೇ ನಿಲ್ಲುತ್ತಿತ್ತು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನು ಈಗ ವೈದ್ಯರು ಕೈಬಿಟ್ಟಿದ್ದಾರೆ. ಮೊದಲ ಒಂದೆರಡು ದಿನ ಹಗುರ ವಿಶ್ರಾಂತಿ, ಮೊಬೈಲ್ ಕಡಿಮೆ, ಮದ್ಯ ಬೇಡವೇ ಬೇಡ. ಆಮೇಲೆ ನಡಿಗೆ, ಒಂದೆರಡು ದಿನ ಬಿಟ್ಟು ನಿಂತಲ್ಲೇ ತುಳಿಯುವ ಸೈಕಲ್, ತಲೆನೋವು ಜೋರಾದರೆ ಒಂದು ಮೆಟ್ಟಿಲು ಹಿಂದಕ್ಕೆ. ಬಹುಪಾಲು ದೊಡ್ಡವರು ಎರಡರಿಂದ ನಾಲ್ಕು ವಾರದಲ್ಲಿ ಸುಧಾರಿಸುತ್ತಾರೆ. ಪೂರ್ತಿ ಸುಧಾರಿಸುವವರೆಗೆ ರಸ್ತೆಗೆ ಇಳಿಯಬಾರದು, ಸ್ಕೂಟರಿನಲ್ಲೂ. ಸೈಕಲ್ ಬಿಟ್ಟು ಮಾರನೆಯ ದಿನವೇ ಸ್ಕೂಟರ್ ಏರಿ ಆಫೀಸಿಗೆ ಹೋಗುವವರನ್ನು ನೋಡಿದ್ದೇನೆ. ಮಿದುಳಿಗೆ ಎರಡೂ ಒಂದೇ.

ಸೈಕಲ್ಲನ್ನೂ ಹಾಗೇ ಏರಬೇಡಿ. ಮುಂದಿನ ಫೋರ್ಕ್, ಹ್ಯಾಂಡಲ್, ಹಿಂದಿನ ಗೇರ್ ತಗುಲಿರುವ ಕೊಂಡಿ ಬಾಗಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ.

ನನ್ನ ಹೆಲ್ಮೆಟ್ ಎರಡು ವಾರ ಬಾಲ್ಕನಿಯಲ್ಲೇ ಬಿದ್ದಿತ್ತು. ಹೊರಗೆ ಒಂದು ಗೀರು ಬಿಟ್ಟರೆ ಹೊಸದರಂತೆಯೇ ಇತ್ತು. ಎಸೆಯಲು ಕೆಳಗೆ ಒಯ್ದಾಗ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಮಗನಿಗೆ ಆಗುತ್ತದೆಂದು ಕೈ ಚಾಚಿದರು. ‘ಚೆನ್ನಾಗೇ ಇದೆಯಲ್ಲ ಸಾರ್, ಏನೂ ಆಗಿಲ್ಲ.’ ಒಳಗಿನ ಸ್ಪಂಜು ಕಿತ್ತು ತೋರಿಸಿದೆ. ಎಡಗಡೆ ನೊರೆ ಅಪ್ಪಚ್ಚಿಯಾಗಿ, ಕೂದಲೆಳೆಯಷ್ಟು ಬಿರುಕು ಹಿಂಬದಿಯವರೆಗೂ ಓಡಿತ್ತು. ಒಮ್ಮೆ ಕುಸಿದ ನೊರೆ ಮತ್ತೆ ಉಬ್ಬುವುದಿಲ್ಲ. ಎರಡನೇ ಸಲ ಬಿದ್ದರೆ ಅಲ್ಲಿ ಎರಡು ಸೆಂಟಿಮೀಟರ್ ಇರುವುದಿಲ್ಲ. ಕಸದಿಂದ ಯಾರೂ ಎತ್ತಿಕೊಳ್ಳದಿರಲೆಂದು ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸಿ ಹಾಕಿದೆವು. ಭಾನುವಾರ ಅವರು ಹುಡುಗನನ್ನೇ ಕರೆತಂದರು. ಹುಬ್ಬಿನ ಮೇಲಿಂದ ತಲೆ ಸುತ್ತ ಟೇಲರ್ ಟೇಪ್ ಹಿಡಿದೆ: 54 ಸೆಂಟಿಮೀಟರ್.