ಹೊಟ್ಟೆಗೆ ಚಿಕಿತ್ಸೆ, ಕಿಡ್ನಿಗೆ ರಕ್ಷೆ

ಟೈಪ್-2 ಮಧುಮೇಹ ನಡುವಯಸ್ಸು ದಾಟಿದವರ ಕಾಯಿಲೆ ಎಂದು ವೈದ್ಯರೂ ನಂಬಿದ್ದ ಕಾಲವೊಂದಿತ್ತು. ಅಮೆರಿಕದ ಸಿನ್ಸಿನಾಟಿಯಿಂದ 1996ರಲ್ಲಿ ಬಂದ ವರದಿ ಆ ನಂಬಿಕೆಯನ್ನು ಅಲುಗಾಡಿಸಿತು. 1982ರಿಂದ 1994ರ ನಡುವೆ ಅಲ್ಲಿನ ಹದಿಹರೆಯದವರಲ್ಲಿ ಈ ಕಾಯಿಲೆ ಹತ್ತು ಪಟ್ಟು ಏರಿತ್ತು. ಬೊಜ್ಜು ಅದರ ಬೆನ್ನಿಗೇ ಇತ್ತು.

ಈ ಮಕ್ಕಳಿಗೆ ಯಾವ ಚಿಕಿತ್ಸೆ ಹಿಡಿಯುತ್ತದೆ ಎಂದು ತಿಳಿಯಲು 2004ರಲ್ಲಿ ‘ಟುಡೇ’ ಅಧ್ಯಯನ ಶುರುವಾಯಿತು. 10ರಿಂದ 17 ವರ್ಷದ 699 ಮಕ್ಕಳು ಅದರಲ್ಲಿದ್ದರು. 2012ರಲ್ಲಿ ಹೊರಬಿದ್ದ ಫಲಿತಾಂಶ ನಿರಾಸೆ ತಂದಿತು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ನುಂಗಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸಕ್ಕರೆ ಹತೋಟಿ ತಪ್ಪಿತ್ತು. ಇದೇ ಮಕ್ಕಳ ಮುಂದಿನ ಕಥೆ 2021ರಲ್ಲಿ ಪ್ರಕಟವಾಯಿತು. ಸರಾಸರಿ 26ರ ವಯಸ್ಸಿಗೆ ಬರುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಕಿಡ್ನಿ ಕಾಯಿಲೆ ಕಾಣಿಸಿಕೊಂಡಿತ್ತು. ಓದು ಮುಗಿಸಿ ಕೆಲಸ ಹಿಡಿಯುವ ವಯಸ್ಸದು.

ಈ ಹಾನಿ ಸದ್ದಿಲ್ಲದೆ ಶುರುವಾಗುತ್ತದೆ. ಒಂದೊಂದು ಕಿಡ್ನಿಯಲ್ಲೂ ಹತ್ತಿರ ಹತ್ತು ಲಕ್ಷ ಸೂಕ್ಷ್ಮ ರಕ್ತನಾಳಗಳ ಉಂಡೆಗಳಿವೆ. ರಕ್ತ ಸೋಸುವುದು ಅವುಗಳ ಕೆಲಸ. ಸಕ್ಕರೆ ಮತ್ತು ತೂಕ ಎರಡೂ ಏರಿದಾಗ ಅವುಗಳೊಳಗೆ ಒತ್ತಡ ಹೆಚ್ಚಿ, ಕಿಡ್ನಿ ಅಳತೆ ಮೀರಿ ಸೋಸತೊಡಗುತ್ತದೆ. ಪರೀಕ್ಷೆಯ ಚೀಟಿಯಲ್ಲಿ ಕಿಡ್ನಿ ಚುರುಕಾಗಿದೆ ಎಂದೇ ಕಾಣುತ್ತದೆ. ವರ್ಷಗಟ್ಟಲೆ ಹೀಗೆ ದುಡಿದ ಉಂಡೆಗಳು ಗಾಯಗೊಂಡು, ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಇಳಿಯುತ್ತದೆ. ಅಷ್ಟಾದರೂ ನೋವಿಲ್ಲ, ಊತವಿಲ್ಲ. ಈ ಅತಿಸೋಸುವಿಕೆಯೇ ಕೊನೆಗೆ ಕಿಡ್ನಿಯನ್ನು ಕೆಡಿಸುತ್ತದೆ ಎಂಬ ವಾದವನ್ನು ಬಾಸ್ಟನ್ನಿನ ಕಿಡ್ನಿ ತಜ್ಞ ಬ್ಯಾರಿ ಬ್ರೆನ್ನರ್ 1980ರ ದಶಕದ ಆರಂಭದಲ್ಲೇ ಮುಂದಿಟ್ಟಿದ್ದರು.

ಔಷಧಿಯ ಕಥೆ ಅದು. ಹೊಟ್ಟೆಯ ಶಸ್ತ್ರಚಿಕಿತ್ಸೆ ಬಂದ ದಾರಿಯೇ ಬೇರೆ. ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ, ಹೊಟ್ಟೆಯನ್ನು ಕಿರಿದಾಗಿಸಿ ಆಹಾರದ ದಾರಿ ಬದಲಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದ್ದು ತೂಕ ಇಳಿಸುವುದಕ್ಕೆ. ಆದರೆ ಉತ್ತರ ಕೆರೊಲಿನಾದ ವಾಲ್ಟರ್ ಪೊರೀಸ್ ತಮ್ಮ ರೋಗಿಗಳಲ್ಲಿ ಅಚ್ಚರಿಯೊಂದನ್ನು ಕಂಡರು. ತೂಕ ಪೂರ್ತಿ ಇಳಿಯುವ ಮೊದಲೇ ಸಕ್ಕರೆ ಇಳಿಯುತ್ತಿತ್ತು. 1995ರ ಅವರ ಪ್ರಬಂಧದ ಪ್ರಕಾರ, ಮಧುಮೇಹವಿದ್ದ 146 ಮಂದಿಯಲ್ಲಿ 121 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದು ನಿಂತಿತ್ತು. ಆಹಾರ ಸಾಗುವ ದಾರಿ ಬದಲಾದಾಗ ಕರುಳಿನ ಹಾರ್ಮೋನುಗಳೂ ಬದಲಾಗುತ್ತವೆ ಎಂಬುದು ಆಮೇಲೆ ತಿಳಿಯಿತು.

ಎರಡು ದಾರಿಗಳು ಕೂಡಿದ್ದು ‘ಟೀನ್-ಲ್ಯಾಬ್ಸ್’ ಅಧ್ಯಯನದಲ್ಲಿ. ಥಾಮಸ್ ಇಂಗೆ ಮುಂದಾಳತ್ವದಲ್ಲಿ, ಅಮೆರಿಕದ ಐದು ಆಸ್ಪತ್ರೆಗಳಲ್ಲಿ ತೂಕದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 242 ಹದಿಹರೆಯದವರನ್ನು ಅದು ವರ್ಷಗಳ ಕಾಲ ಗಮನಿಸಿತು. ಅವರಲ್ಲಿ ಮಧುಮೇಹವಿದ್ದ 30 ಮಂದಿಯನ್ನು, ‘ಟುಡೇ’ಯಲ್ಲಿ ಔಷಧಿಯ ಮೇಲಿದ್ದ 63 ಮಂದಿಯ ಜೊತೆ ಹೋಲಿಸಿ ಪೆಟರ್ ಬ್ಯೋರ್ನ್‌ಸ್ಟಾಡ್ ಮತ್ತು ಸಂಗಡಿಗರು 2020ರಲ್ಲಿ ಐದು ವರ್ಷಗಳ ಲೆಕ್ಕ ಕೊಟ್ಟರು. ಮೂತ್ರದಲ್ಲಿ ಆಲ್ಬುಮಿನ್ ಹೆಚ್ಚಿದ್ದವರ ಪ್ರಮಾಣ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 27ರಿಂದ 5ಕ್ಕೆ ಇಳಿದರೆ, ಔಷಧಿಯ ಗುಂಪಿನಲ್ಲಿ ಶೇ 21ರಿಂದ 43ಕ್ಕೆ ಏರಿತು. ಅತಿಸೋಸುವಿಕೆ ಮೊದಲ ಗುಂಪಿನಲ್ಲಿ ಶೇ 21ರಿಂದ 18ಕ್ಕೆ ಬಂದರೆ, ಎರಡನೆಯದರಲ್ಲಿ ಶೇ 7ರಿಂದ 48ಕ್ಕೆ ಜಿಗಿಯಿತು.

ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಬೇರೆ ಬೇರೆ ಅಧ್ಯಯನಗಳ ಸಣ್ಣ ಗುಂಪುಗಳ ಹೋಲಿಕೆ. ಶಸ್ತ್ರಚಿಕಿತ್ಸೆಗೂ ಬೆಲೆಯಿದೆ. ಮೊದಲ ಎರಡು ವರ್ಷಗಳಲ್ಲೇ ಆ ಮೂವತ್ತು ಮಂದಿಯಲ್ಲಿ ಶೇ 23ರಷ್ಟು ಮಂದಿಗೆ ಮತ್ತೊಂದು ಆಪರೇಷನ್ ಬೇಕಾಯಿತು. ಕಬ್ಬಿಣ, ಬಿ12 ಕೊರತೆಯಾಗದಂತೆ ಬದುಕಿಡೀ ನೋಡಿಕೊಳ್ಳಬೇಕು. ಬೈಪಾಸ್ ಆದವರಲ್ಲಿ ಕಿಡ್ನಿಯಲ್ಲೇ ಕಲ್ಲು ಕಟ್ಟುವ ಅಪಾಯವೂ ಉಂಟು. ಇವನ್ನೆಲ್ಲ ಹದಿನೇಳರ ಹುಡುಗಿಗೂ ಅವಳ ಅಪ್ಪ-ಅಮ್ಮನಿಗೂ ಬಿಡಿಸಿ ಹೇಳಿದ ಮೇಲೆಯೇ ಒಪ್ಪಿಗೆ ಕೇಳುವುದು ನ್ಯಾಯ.

ಆದರೂ ಈ ಅಂಕಿಗಳನ್ನು ಬದಿಗಿಡಲಾಗದು. ಎಳೆವಯಸ್ಸಿನ ಕಿಡ್ನಿಗೆ ತಗುಲಿದ ಪೆಟ್ಟು ಬೇಗ ಗಮನಿಸಿದರೆ ಹಿಂದೆ ಸರಿಯಬಲ್ಲದು ಎಂಬ ಭರವಸೆ ಅವುಗಳಲ್ಲಿದೆ. ಆ ‘ಬೇಗ’ ಎಲ್ಲರ ಕೈಗೆಟುಕುವುದು ಆಪರೇಷನ್ ಕೊಠಡಿಯಲ್ಲಲ್ಲ, ಮೂತ್ರ ಪರೀಕ್ಷೆಯಲ್ಲಿ. ಟೈಪ್-2 ಮಧುಮೇಹ ಗೊತ್ತಾದ ದಿನದಿಂದಲೇ, ಆಮೇಲೆ ವರ್ಷಕ್ಕೊಮ್ಮೆ, ಮಕ್ಕಳ ಮೂತ್ರದ ಆಲ್ಬುಮಿನ್ ಅಳೆಯಬೇಕೆಂದು ಮಧುಮೇಹ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಮಗ ಗಟ್ಟಿಮುಟ್ಟಾಗಿದ್ದಾನೆ, ಇದೆಲ್ಲ ಯಾಕೆ ಎಂದು ಆ ಪರೀಕ್ಷೆಯನ್ನು ಮುಂದೂಡಬೇಡಿ. ಅವನು ಗಟ್ಟಿಮುಟ್ಟಾಗಿರುವಾಗಲೇ ಅದನ್ನು ಮಾಡಿಸಬೇಕು.